ಹಳ್ಳಿಯಲ್ಲಿ ಕೆಲಸ ಮಾಡುವ ವೈದ್ಯರು ಆರೋಗ್ಯ ನೀತಿಯ ಕಡೆಗೆ ಹೋಗಬೇಕೇ? ಹೋಗುವುದಾದರೆ ಯಾವ ದಾರಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಎಂಬಿಬಿಎಸ್ ಮುಗಿಸಿ ಕಡ್ಡಾಯ ಗ್ರಾಮೀಣ ಸೇವೆಯಲ್ಲಿದ್ದೀರಿ. ದಿನಕ್ಕೆ ನೂರು ಜನರನ್ನು ನೋಡಿದರೂ ಅದೇ ರಕ್ತಹೀನತೆ, ಅದೇ ಹೊತ್ತು ಮೀರಿ ಬಂದ ಹೆರಿಗೆ. ತಪ್ಪು ಮೇಲೆಲ್ಲೋ ಆಗುತ್ತಿದೆ, ಅಲ್ಲಿಗೇ ಹೋಗಿ ಸರಿಪಡಿಸಬೇಕು ಎನ್ನಿಸಿದೆ. ಮನೆಯವರು ಪಿಜಿ ಸೀಟು ಎನ್ನುತ್ತಾರೆ, ಗೆಳೆಯರು ಐಎಎಸ್ ಎನ್ನುತ್ತಾರೆ, ನಿಮಗೆ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಓದುವ ಮನಸ್ಸು. ರೋಗಿಯನ್ನು ಬಿಟ್ಟು ಕಡತ ಹಿಡಿದರೆ ಬಡವರಿಗೆ ನಿಜಕ್ಕೂ ಉಪಯೋಗವಾದೀತೇ ಎಂಬುದು ನಿಮ್ಮ ಅಳುಕು.

ಆಗುತ್ತದೆ. ಆದರೆ ಮೊದಲು ನೋಡುವ ದಿಕ್ಕು ಬದಲಾಗಬೇಕು. ವೈದ್ಯರಾದ ನಮ್ಮ ಕಣ್ಣು ಸದಾ ಬಾಗಿಲು ದಾಟಿ ಒಳಗೆ ಬಂದವರ ಮೇಲಿರುತ್ತದೆ. ನೀತಿಯ ಕೆಲಸಕ್ಕೆ ಇಳಿದವನು ಬಾರದೆ ಉಳಿದವರ ಲೆಕ್ಕ ಇಡಬೇಕು. ಇದು ನನಗೆ ತಿಳಿದದ್ದು ಒಬ್ಬ ಆಶಾ ಕಾರ್ಯಕರ್ತೆಯ ನೋಟುಪುಸ್ತಕದಿಂದ.

ಕಲ್ಯಾಣ ಕರ್ನಾಟಕದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಡಳಿತ ವೈದ್ಯಾಧಿಕಾರಿಯಾಗಿದ್ದೆ. ನಮ್ಮ ವ್ಯಾಪ್ತಿಯಲ್ಲಿ ನಾಲ್ಕು ತಾಂಡಾಗಳಿದ್ದವು. ತಿಂಗಳ ವರದಿಯಲ್ಲಿ ನಮ್ಮ ಲಸಿಕೆಯ ಪ್ರಮಾಣ ಯಾವಾಗಲೂ ನೂರಕ್ಕೆ ತೊಂಬತ್ತರ ಮೇಲೆ. ಸಭೆಯಲ್ಲಿ ಬೆನ್ನು ತಟ್ಟುತ್ತಿದ್ದರು, ನಾನೂ ತಟ್ಟಿಸಿಕೊಂಡು ಬರುತ್ತಿದ್ದೆ. ಒಂದು ಗುರುವಾರ ತಾಂಡಾದ ಅಂಗನವಾಡಿಗೆ ಹೋದಾಗ ಆಶಾ ಅಕ್ಕನ ಪುಸ್ತಕ ಕಿಟಕಿಯ ಕಟ್ಟೆಯ ಮೇಲೆ ತೆರೆದುಕೊಂಡಿತ್ತು. ಮಕ್ಕಳ ಹೆಸರಿನ ಮುಂದೆ, ಲಸಿಕೆಯ ದಿನಾಂಕ ಬರೆಯಬೇಕಾದ ಚೌಕದಲ್ಲಿ, ಕೆಂಪು ಶಾಯಿಯಲ್ಲಿ ‘ಗುಳೆ’ ಎಂದು ಬರೆದಿತ್ತು. ಪುಟ ತಿರುಗಿಸಿದೆ. ಗುಳೆ, ಗುಳೆ, ಗುಳೆ. ಎಣಿಸಿದರೆ 23 ಮಕ್ಕಳು.

“ಇವರನ್ನು ವರದಿಯಲ್ಲಿ ಎಲ್ಲಿ ಸೇರಿಸುತ್ತೀರಿ?” ಎಂದು ಕೇಳಿದೆ.

“ಊರಲ್ಲೇ ಇಲ್ಲದವರನ್ನು ಎಲ್ಲಿ ಸೇರಿಸುವುದು ಸರ್? ಪಟ್ಟಿಯಿಂದ ತೆಗೆಯಲು ಹೇಳಿದ್ದಾರೆ, ತೆಗೆಯುತ್ತೇವೆ.”

ಅಪ್ಪ ಅಮ್ಮ ಪುಣೆಯಲ್ಲಿ ಇಟ್ಟಿಗೆ ಹೊರುತ್ತಿದ್ದಾರೆ, ಮಗು ಅಲ್ಲಿಯ ಮರಳ ರಾಶಿಯ ಪಕ್ಕದಲ್ಲಿದೆ. ಇಲ್ಲಿಯ ಪಟ್ಟಿಯಿಂದ ಹೆಸರು ಹೋಯಿತು, ಅಲ್ಲಿಯ ಪಟ್ಟಿಗೆ ಬರಲಿಲ್ಲ. ಎರಡು ರಾಜ್ಯಗಳ ವರದಿಗಳೂ ಚೊಕ್ಕವಾಗಿವೆ, ಮಗುವಿನ ತೊಡೆಗೆ ಮಾತ್ರ ಸೂಜಿ ಬಿದ್ದಿಲ್ಲ. ನನ್ನ ತೊಂಬತ್ತು ಚಿಲ್ಲರೆಯ ಹೆಮ್ಮೆ ಆ ಕೆಂಪು ಶಾಯಿಯನ್ನು ಕಳೆದು ಉಳಿದ ಲೆಕ್ಕವಾಗಿತ್ತು.

ಮುಂದೆ ನಾನು ಮಾಡಿದ್ದು ಎಲ್ಲ ಹೊಸಬರೂ ಮಾಡುವ ದಡ್ಡತನ. ಜಿಲ್ಲಾ ಮಟ್ಟದ ಸಭೆಗೆ 38 ಸ್ಲೈಡುಗಳನ್ನು ಹೊತ್ತುಕೊಂಡು ಹೋದೆ, ಎಲ್ಲವೂ ಇಂಗ್ಲಿಷಿನಲ್ಲಿ. ಏಳನೆಯ ಸ್ಲೈಡಿಗೆ ಅಧ್ಯಕ್ಷತೆಯಲ್ಲಿದ್ದವರು ಗಡಿಯಾರ ನೋಡಿದರು, ಒಂಬತ್ತಕ್ಕೆ ಚಹಾ ಬಂತು, ಅಲ್ಲಿಗೆ ಮುಗಿಯಿತು. ಹೊರಗೆ ಬಂದಾಗ ಕಚೇರಿಯ ಹಿರಿಯ ಪ್ರಥಮ ದರ್ಜೆ ಸಹಾಯಕರೊಬ್ಬರು ಕರೆದು, “ಡಾಕ್ಟ್ರೇ, ಸಮಸ್ಯೆ ಹೇಳಿದಿರಿ, ಸಾಹೇಬರು ಎಲ್ಲಿ ಸಹಿ ಹಾಕಬೇಕು ಎಂದು ಹೇಳಲಿಲ್ಲವಲ್ಲ” ಎಂದರು. ಎಂಪಿಎಚ್‌ನ ಎರಡು ವರ್ಷಗಳಲ್ಲಿ ಇದಕ್ಕಿಂತ ಬೆಲೆಯುಳ್ಳ ಮಾತನ್ನು ನಾನು ಕೇಳಲಿಲ್ಲ.

ಅವರ ಪಕ್ಕದಲ್ಲೇ ಕುಳಿತು ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆದೆ. ಗುಳೆ ಹೋದವರು ದೀಪಾವಳಿಗೆ ಮತ್ತು ಹೋಳಿಗೆ ತಾಂಡಾಕ್ಕೆ ಮರಳುತ್ತಾರೆ. ಆ ವಾರ ಗುರುವಾರದ ಜೊತೆಗೆ ಇನ್ನೊಂದು ಲಸಿಕಾ ದಿನ ಬೇಕು. ವಾಹನದ ಖರ್ಚು ಇಷ್ಟು, ಅದನ್ನು ಇಂಥ ಲೆಕ್ಕ ಶೀರ್ಷಿಕೆಯಿಂದ (ಬಜೆಟ್ಟಿನಲ್ಲಿ ಆ ಖರ್ಚಿಗೆ ಹಣವಿಟ್ಟ ಬಾಬ್ತಿನಿಂದ) ಭರಿಸಬಹುದು. ಹೋಗುವವರು ಇವರು. ಗುಳೆ ಹೋದ ಮಕ್ಕಳ ಹೆಸರನ್ನು ಪಟ್ಟಿಯಿಂದ ತೆಗೆಯದೆ ಬೇರೆ ಕಾಲಮಿನಲ್ಲಿ ತೋರಿಸಬೇಕು. ಕೊನೆಯಲ್ಲಿ “ಅನುಮೋದನೆಗಾಗಿ ಸಲ್ಲಿಸಿದೆ”. ಹನ್ನೊಂದು ದಿನಗಳಲ್ಲಿ ಸುತ್ತೋಲೆ ಹೊರಟಿತು. ಹೋಳಿಯ ಮರುದಿನ ಅದೇ ಅಂಗನವಾಡಿಯಲ್ಲಿ ಸಿಸ್ಟರ್ ಒದ್ದೆ ಹತ್ತಿಯಿಂದ ಮಕ್ಕಳ ತೊಡೆಯ ಗುಲಾಬಿ ಬಣ್ಣ ಒರೆಸಿ ಒರೆಸಿ ಸೂಜಿ ಹಾಕುತ್ತಿದ್ದರು. ಬಣ್ಣ ಹೋಗದೆ ಒಂದೊಂದು ಮಗುವಿಗೆ ಮೂರು ಮೂರು ಹತ್ತಿ ಖರ್ಚಾದವು. ಒಂದು ತಾಲೂಕಿನ ಸುತ್ತೋಲೆಯನ್ನು ಯಾರೂ ನೀತಿ ಎಂದು ಕರೆಯುವುದಿಲ್ಲ. ನಾನು ಕರೆಯುತ್ತೇನೆ.

ದೊಡ್ಡ ಉದಾಹರಣೆಗಳೂ ಇದೇ ಜಾತಿಯವು. ನಿಮ್ಮ ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಹೋಗುತ್ತಾರಲ್ಲ, ಆ ಪದ್ಧತಿಯ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದು ಆ ಜಿಲ್ಲೆಯಲ್ಲಿ ನೆಲೆಸಿದರು. ಆಸ್ಪತ್ರೆ ಕಾಣದೆ ಮನೆಯಲ್ಲೇ ಸಾಯುತ್ತಿದ್ದ ಹಸುಗೂಸುಗಳನ್ನು ಹಳ್ಳಿ ಹಳ್ಳಿ ಸುತ್ತಿ ಎಣಿಸಿದರು. ಬಳಿಕ 39 ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಮನೆಯಲ್ಲೇ ಶಿಶುವಿನ ಆರೈಕೆ ಮಾಡಿಸಿದರು. ನವಜಾತ ಶಿಶುಗಳ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಕೇಂದ್ರ ಸರ್ಕಾರ ಅದನ್ನು ದೇಶದ ಕಾರ್ಯಕ್ರಮವಾಗಿಸಿದ್ದು 2011ರಲ್ಲಿ. ನಡುವೆ ಹನ್ನೆರಡು ವರ್ಷ. ನೀತಿಯ ಕೆಲಸದಲ್ಲಿ ಗಡಿಯಾರ ಎಷ್ಟು ನಿಧಾನ ಎಂದು ಕೇಳಿದವರಿಗೆ ನಾನು ಈ ಲೆಕ್ಕ ಕೊಡುತ್ತೇನೆ.

ನಮ್ಮಲ್ಲಿ ಡಾ. ಎಚ್. ಸುದರ್ಶನ್ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆಯೇ ಅವರು 1999ರಲ್ಲಿ ರಾಜ್ಯದ ಆರೋಗ್ಯ ಕಾರ್ಯಪಡೆಯ ಅಧ್ಯಕ್ಷರಾದದ್ದು. 2001ರಲ್ಲಿ ವರದಿ ಕೊಟ್ಟರು, ಅದರಲ್ಲಿ ಸಮಾನತೆಯ ಜೊತೆಗೆ ಪ್ರಾಮಾಣಿಕತೆಯೂ ಚರ್ಚೆಯ ವಿಷಯವಾಗಿತ್ತು. ಆನಂತರ ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾಗಿ ಆಸ್ಪತ್ರೆಗಳ ಲಂಚದ ಬೆನ್ನು ಹತ್ತಿದರು. ವರದಿ ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಬರೆದ ಮೇಲೆ ಅದರ ಅತಿ ಕಹಿ ಅಧ್ಯಾಯವನ್ನು ತಾವೇ ಜಾರಿ ಮಾಡಲು ಹೊರಟವರು ಅಪರೂಪ.

ಐಎಎಸ್ ವಿಷಯ. ಅದೂ ದಾರಿಯೇ. ಮಕ್ಕಳ ವೈದ್ಯರಾಗಿದ್ದ ಸಮಿತ್ ಶರ್ಮಾ ಐಎಎಸ್ ಸೇರಿ, ಚಿತ್ತೋರಗಢದಲ್ಲಿ ಜಿಲ್ಲಾಧಿಕಾರಿಯಾಗಿದ್ದಾಗ ಅಗ್ಗದ ಜೆನೆರಿಕ್ ಔಷಧಗಳ ಮಳಿಗೆ ತೆರೆಸಿದರು. 2011ರ ಅಕ್ಟೋಬರ್ 2ರಂದು ರಾಜಸ್ಥಾನದಲ್ಲಿ ಉಚಿತ ಔಷಧ ಯೋಜನೆ ಶುರುವಾದಾಗ ಅದರ ಹೊಣೆ ಅವರ ಮೇಲಿತ್ತು. ಒಂದೇ ಎಚ್ಚರಿಕೆ: ಐಎಎಸ್ ಅಧಿಕಾರಿಯನ್ನು ನಾಳೆ ಗಣಿ ಇಲಾಖೆಗೂ ಹಾಕಬಹುದು. ಆರೋಗ್ಯವೇ ಬೇಕು ಎನ್ನುವವರು ಇದನ್ನು ತಿಳಿದೇ ಇಳಿಯಬೇಕು.

ಎಂಪಿಎಚ್ ಮಾಡಿ, ಆದರೆ ಪ್ರಮಾಣಪತ್ರಕ್ಕಾಗಿ ಬೇಡ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ದೆಹಲಿಯ ಜೆಎನ್‌ಯು, ಚಂಡೀಗಢದ ಪಿಜಿಐ, ಇವು ಹೆಸರುಳ್ಳ ಜಾಗಗಳು. ಅಲ್ಲಿ ಕಲಿಯಬೇಕಾದ್ದು ಎರಡೇ: ಛೇದದಲ್ಲಿ, ಅಂದರೆ ಶೇಕಡಾ ಲೆಕ್ಕ ಹಾಕುವ ಒಟ್ಟು ಪಟ್ಟಿಯಲ್ಲಿ, ಯಾರಿದ್ದಾರೆ ಎಂದು ಕೇಳುವುದು, ಹಣ ಯಾವ ಕಾಲುವೆಯಲ್ಲಿ ಹರಿಯುತ್ತದೆ ಎಂದು ಹುಡುಕುವುದು. ವೈದ್ಯರಲ್ಲದ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ತಾಲೂಕು ತಾಲೂಕಿನ ಅಂಕಿ ಕೂಡಿಸಿ 114 ತಾಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿತು. ಇವತ್ತಿಗೂ ಹಣ ಕೇಳಲು ಹೋದಾಗ ನಮ್ಮ ಕೈಯಲ್ಲಿರುವ ಗಟ್ಟಿ ಅಸ್ತ್ರ ಆ ಪಟ್ಟಿ. ನಿಯಮದ ಪ್ರಕಾರ ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದರಲ್ಲಿ ಗುಳೆ ಹೋಗುವ ಜನರಿಗೆ ಯಾವ ಸಂಖ್ಯೆ ಎಂದು ಕೇಳಿ ನೋಡಿ. ಯಾರೂ ಉತ್ತರ ಕೊಡುವುದಿಲ್ಲ. ಅಂಥ ಪ್ರಶ್ನೆ ಕೇಳಲು ಬಂದರೆ ಓದು ಸಾರ್ಥಕ.

ಇನ್ನೊಂದು ಮಾತು, ಸ್ವಲ್ಪ ಒರಟಾಗಿದೆ. ಈ ದಾರಿಯಲ್ಲಿ ಹೋಟೆಲಿನ ತಂಪು ಸಭಾಂಗಣದಲ್ಲಿ ಕಾರ್ಯಾಗಾರದ ಚೀಲ ಹೊತ್ತು ತಿರುಗುವ ವೈದ್ಯರನ್ನು ಬಹಳ ನೋಡುತ್ತೀರಿ. ಕೊನೆಯ ರೋಗಿಯನ್ನು ನೋಡಿ ಹದಿನೈದು ವರ್ಷವಾಗಿರುತ್ತದೆ, ಆದರೆ ಎಲ್ಲರಿಗಿಂತ ಹೆಚ್ಚಾಗಿ ‘ತಳಮಟ್ಟ’ ಎನ್ನುವವರು ಅವರೇ. ನಾನು ತಾಲೂಕು ಕಚೇರಿಗೆ ಬಂದ ಮೇಲೂ ವಾರಕ್ಕೆ ಒಂದು ದಿನ ಹೊರರೋಗಿಗಳನ್ನು ನೋಡುವುದನ್ನು ಬಿಟ್ಟಿಲ್ಲ. ಅತ್ತೆಯ ಮನೆಯವರಿಗೆ ಇವತ್ತಿಗೂ ನಾನು ‘ಫೈಲು ನೋಡುವ ಡಾಕ್ಟರು’, ಅದು ಬೇರೆ ಮಾತು.

ಸದ್ಯಕ್ಕೆ ನೀವು ಮಾಡಬಹುದಾದದ್ದು: ಗ್ರಾಮೀಣ ಸೇವೆಯನ್ನು ಅರ್ಧಕ್ಕೆ ಬಿಡಬೇಡಿ. ಈ ಗುರುವಾರ ಲಸಿಕಾ ದಿನಕ್ಕೆ ನೀವೇ ಹೋಗಿ, ಆಶಾ ಅಕ್ಕನ ಪುಸ್ತಕ ಕೇಳಿ ಪಡೆದು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿ. ನಿಮ್ಮ ಕಡೆ ಅದು ಗುಳೆ ಇರಬಹುದು, ಕಾಫಿ ತೋಟದ ಲೈನ್ ಮನೆ ಇರಬಹುದು, ಹೊಳೆಯಾಚೆಯ ಊರು ಇರಬಹುದು. ವರದಿಗೆ ಹೋಗದ ಹೆಸರು ಎಷ್ಟಿವೆ ಎಂದು ಎಣಿಸಿ ಒಂದು ಪುಟದ ಟಿಪ್ಪಣಿ ಬರೆಯಿರಿ, ಸಹಿ ಎಲ್ಲಿ ಬೀಳಬೇಕು ಎಂಬುದು ಅದರಲ್ಲಿರಲಿ. ಕರಡನ್ನು ಇಲ್ಲೇ ಹಾಕಿ, ಲೆಕ್ಕ ಶೀರ್ಷಿಕೆಯ ಭಾಗವನ್ನು ನಾನು ತಿದ್ದಿಕೊಡುತ್ತೇನೆ.