ಮಹಾಲಿಯಾ ಜಾಕ್ಸನ್ ಹಾಡಿನಲ್ಲಿ ಅಂಥದ್ದೇನಿದೆ?

ಗಾಸ್ಪೆಲ್ ಅಂದರೆ ಚರ್ಚಿನ ಹಾಡು, ಚರ್ಚಿಗೇ ಹೋಗದ ನಾನು ಗಾಸ್ಪೆಲ್ ಗಾಯಕಿ ಮಹಾಲಿಯಾ ಜಾಕ್ಸನ್ ಅವರನ್ನು ಯಾಕೆ ಕೇಳಬೇಕು ಅಂತ ಕೇಳಿದ್ದೀರಿ. ನಾನೂ ಚರ್ಚಿಗೆ ಹೋಗುವವನಲ್ಲ. ಪುರಂದರದಾಸರ ಪದ ಕೇಳೋಕೆ ದಾಸರೇ ಆಗಬೇಕಿಲ್ಲ ಅಲ್ವಾ?

ಈಕೆ ಹುಟ್ಟಿದ್ದು 1911ರಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬಡ ಕಪ್ಪು ಕುಟುಂಬದಲ್ಲಿ. ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು, ಸಾಕಿದ್ದು ದೊಡ್ಡಮ್ಮ. ಅವರು ತುಂಬಾ ಕಟ್ಟುನಿಟ್ಟು. ಅವರಿಲ್ಲದ ಹೊತ್ತಲ್ಲಿ ಹುಡುಗಿ ಗಾಯಕಿ ಬೆಸ್ಸಿ ಸ್ಮಿತ್ ಅವರ ಬ್ಲೂಸ್ (ಕಪ್ಪು ಜನರ ನೋವು-ನಲಿವಿನ ಲೌಕಿಕ ಹಾಡು) ರೆಕಾರ್ಡ್ ಹಾಕಿಕೊಂಡು ಕೇಳುತ್ತಿದ್ದಳು. ಮನೆ ಹತ್ತಿರದ ಇನ್ನೊಂದು ಚರ್ಚಿನಲ್ಲಿ ಡ್ರಮ್ಮು, ಚಪ್ಪಾಳೆ, ಕುಣಿತ. ಇವೆರಡೂ ಆ ಗಂಟಲಿಗೆ ಇಳಿದವು.

ಹದಿನಾರರ ಆಸುಪಾಸಿನಲ್ಲಿ ಶಿಕಾಗೋಗೆ ಹೋದರು. ಮನೆಗೆಲಸ, ಬಟ್ಟೆ ಒಗೆಯುವ ಕೆಲಸ, ಆಮೇಲೆ ಸ್ವಂತದ ಬ್ಯೂಟಿ ಪಾರ್ಲರ್. ಅಲ್ಲಿನ ಕಪ್ಪು ಜನರ ಕೆಲವು ದೊಡ್ಡ ಚರ್ಚುಗಳಿಗೆ ಇವರ ಹಾಡಿಕೆ ಹಿಡಿಸಲಿಲ್ಲ. ಮೈ ಅಲುಗಾಡಿಸ್ತಾಳೆ, ಕಿರುಚ್ತಾಳೆ, ಇದೆಂಥ ಭಕ್ತಿ ಅಂತ ತಕರಾರು. ಇವರು ಬದಲಾಗಲಿಲ್ಲ. ಬ್ಲೂಸ್ ಬಿಟ್ಟು ಗಾಸ್ಪೆಲ್ ಬರೆಯಲು ಕೂತಿದ್ದ ಥಾಮಸ್ ಡಾರ್ಸಿ ಜೊತೆ ಸೇರಿದರು. ಡಾರ್ಸಿ ಬೀದಿಯಲ್ಲಿ ನಿಂತು ಹಾಡಿನ ಹಾಳೆ ಮಾರುತ್ತಿದ್ದರೆ, ಇವರು ಪಕ್ಕದಲ್ಲಿ ಅದನ್ನೇ ಹಾಡಿ ತೋರಿಸುತ್ತಿದ್ದರು. ಅಷ್ಟು ಕೆಳಗಿನಿಂದ ಶುರು.

1948ರಲ್ಲಿ ಬಂದ ‘ಮೂವ್ ಆನ್ ಅಪ್ ಎ ಲಿಟಲ್ ಹೈಯರ್’ ರೆಕಾರ್ಡು ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ರೆಕಾರ್ಡಿನ ಒಂದೇ ಮಗ್ಗುಲಲ್ಲಿ ಮುಗಿಸದೆ, ಹಾಡನ್ನು ಎರಡೂ ಮಗ್ಗುಲಿಗೆ ಹಂಚಿದ್ದರು. 1950ಕ್ಕೆ ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು. ಬ್ಲೂಸ್ ಹಾಡಿದ್ದರೆ ದುಡ್ಡು ಇನ್ನೂ ಬರುತ್ತಿತ್ತು, ಅದಕ್ಕೆ ಒಪ್ಪಲೇ ಇಲ್ಲ. ಇಷ್ಟು ಹೆಸರು ಬಂದ ಮೇಲೂ ಶಿಕಾಗೋದ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡಾಗ ಕಿಟಕಿಗೆ ಗುಂಡು ಹಾರಿಸಿದರು.

ಹಾಗಾಗಿ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ, ಕಪ್ಪು ಜನರ ಹಕ್ಕಿಗಾಗಿ ನಡೆದ ದೊಡ್ಡ ಸಭೆಯಲ್ಲಿ ಹಾಡಿದಾಗ ಅದು ಸುಮ್ನೆ ಪ್ರಾರ್ಥನೆ ಆಗಿರಲಿಲ್ಲ. ಎದುರಿಗೆ ಸುಮಾರು ಎರಡೂವರೆ ಲಕ್ಷ ಜನ. ಇವರು ಹಾಡಿ ಮುಗಿಸಿದ ಸ್ವಲ್ಪ ಹೊತ್ತಿಗೆ ಮಾರ್ಟಿನ್ ಲೂಥರ್ ಕಿಂಗ್ ಮೈಕಿನ ಮುಂದೆ ಬಂದು ಬರೆದುಕೊಂಡ ಭಾಷಣ ಓದುತ್ತಿದ್ದರು. ಹಿಂದಿನಿಂದ ಮಹಾಲಿಯಾ, “ಆ ಕನಸಿನ ವಿಷಯ ಹೇಳು ಮಾರ್ಟಿನ್” ಅಂತ ಕೂಗಿದರು ಎಂದು ಅಲ್ಲಿದ್ದವರು ನೆನೆಯುತ್ತಾರೆ. ಕಿಂಗ್ ಹಾಳೆ ಪಕ್ಕಕ್ಕಿಟ್ಟರು. ಇವತ್ತು ಲೋಕಕ್ಕೆಲ್ಲ ನೆನಪಿರುವುದು ಆಮೇಲಿನ ‘ನನಗೊಂದು ಕನಸಿದೆ’ ಎಂಬ ಮಾತುಗಳೇ. ಸಭೆಯ ಮಧ್ಯೆ ಹೀಗೆ ದನಿಗೂಡಿಸುವುದು ಕಪ್ಪು ಚರ್ಚಿನ ರೂಢಿ. ಅವರಿಗೆ ಅದು ವಿಶೇಷವೂ ಅಲ್ಲ.

ಮಹಾಲಿಯಾ ಪ್ರಭಾವ ಅಂದರೆ ನನಗೆ ನೆನಪಾಗುವುದು ಒಂದೇ ಹಾಡು, ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿಯನ್ನೂ, ಹಿಂದೆಯೇ ಮಗುವನ್ನೂ ಕಳೆದುಕೊಂಡ ಡಾರ್ಸಿ ಬರೆದದ್ದು. 1968ರಲ್ಲಿ ಕಿಂಗ್ ಅಂತ್ಯಕ್ರಿಯೆಯಲ್ಲಿ ಅದನ್ನು ಮಹಾಲಿಯಾ ಹಾಡಿದರು. 1972ರ ಜನವರಿಯಲ್ಲಿ ಮಹಾಲಿಯಾ ತೀರಿಕೊಂಡಾಗ ಶಿಕಾಗೋದಲ್ಲಿ ಅದೇ ಹಾಡನ್ನು ಹಾಡಿದ್ದು ಹೆಸರಾಂತ ಗಾಯಕಿ ಅರೀಥಾ ಫ್ರಾಂಕ್ಲಿನ್. ಚಿಕ್ಕಂದಿನಲ್ಲಿ ತಮ್ಮ ಮನೆಗೆ ಬರುತ್ತಿದ್ದ ಮಹಾಲಿಯಾರನ್ನು ಕೇಳುತ್ತಲೇ ಬೆಳೆದವರು ಆಕೆ.

ನೀವು ಅದರಿಂದಲೇ ಶುರು ಮಾಡಿ. ಮೊಬೈಲ್ ಸ್ಪೀಕರ್ ಬೇಡ, ಇಯರ್‌ಫೋನ್ ಹಾಕಿ. ತಾಳ ಹುಡುಕಬೇಡಿ, ಸಿಗಲ್ಲ. ಒಂದೊಂದು ಪದವನ್ನೂ ಎಲ್ಲಿ ಎಳೆಯುತ್ತಾರೆ, ಎಲ್ಲಿ ಉಸಿರು ತಗೊಳ್ಳುತ್ತಾರೆ ನೋಡಿ. ಆ ಉಸಿರು ಕೂಡ ಕೇಳಿಸುತ್ತೆ.