ಹಲ್ಲು ಕೀಳಿಸಿದರೂ ನಿಲ್ಲದ ಗಲ್ಲದ ನೋವು

(ಮುಖದ ನರಗಳ ನೋವಿನ ಬಗ್ಗೆ ಹಿರಿಯರ ಮನೆಗಳಿಂದ ಬಂದ ಪ್ರಶ್ನೆಗಳಿಗೆ ನಮ್ಮ ವೈದ್ಯರ ಉತ್ತರ)

ಪ್ರಶ್ನೆ: ನಮ್ಮ ಅವ್ವನಿಗೆ 71 ವರ್ಷ. ಬಲಗಲ್ಲಕ್ಕೆ ಒಮ್ಮೆಲೇ ಕರೆಂಟ್ ಹೊಡೆದಂತಾಗಿ ಚೀರುತ್ತಾಳೆ, ನಿಮಿಷದೊಳಗೆ ಕಡಿಮೆಯಾಗುತ್ತದೆ. ಮುಖ ತೊಳೆದರೆ, ರೊಟ್ಟಿ ಅಗಿದರೆ, ಗಾಳಿ ಬಡಿದರೆ ಮತ್ತೆ ಶುರು. ಎರಡು ದವಡೆಹಲ್ಲು ಕೀಳಿಸಿದ್ದಾಯಿತು. ಈಗ ಕಾರ್ಬಮಾಜೆಪಿನ್ ಕೊಟ್ಟಿದ್ದಾರೆ. ಅದು ಫಿಟ್ಸ್ ಗುಳಿಗೆ ಎಂದು ಔಷಧಿ ಅಂಗಡಿಯಲ್ಲಿ ಹೇಳಿದರು. ನೋವು ತಗ್ಗಿದೆ, ಆದರೆ ನಡೆಯುವಾಗ ತೂರಾಡುತ್ತಾಳೆ. ಬಿಪಿ ಗುಳಿಗೆಯೂ ಇದೆ. ಇದನ್ನು ನಿಲ್ಲಿಸಿಬಿಡೋಣವೇ?
– ರೋಣ, ಗದಗ ಜಿಲ್ಲೆ

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಈ ವಾರವೇ ರಕ್ತದ ಸೋಡಿಯಂ ಪರೀಕ್ಷೆ ಮಾಡಿಸಿ, ವೈದ್ಯರಿಗೆ ತೋರಿಸಿ.

ಲಕ್ಷಣ ನೋಡಿದರೆ ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ಐದನೇ ನರದ ಬುಡಕ್ಕೆ ಹೆಚ್ಚಾಗಿ ಒಂದು ರಕ್ತನಾಳ ಒತ್ತಿಕೊಂಡಿರುತ್ತದೆ. ಒತ್ತಿದ ಜಾಗದಲ್ಲಿ ನರದ ಹೊದಿಕೆ ಸವೆದು, ಬರೀ ಸ್ಪರ್ಶವೇ ನೋವಾಗಿ ಹರಿಯುತ್ತದೆ. ಹಲ್ಲಿಗೆ ಹೋಗುವುದೂ ಇದೇ ನರವಾದ್ದರಿಂದ ತಪ್ಪು ತಿಳಿದು ಹಲ್ಲು ಕೀಳಿಸಿಕೊಂಡವರು ಬಹಳ. ಎಕ್ಸ್‌ರೇಯಲ್ಲಿ ಹುಳುಕಾಗಲಿ ಕೀವಾಗಲಿ ಕಾಣದಿದ್ದರೆ ಮೂರನೆಯದನ್ನು ಕೀಳಿಸಬೇಡಿ. ಪ್ಯಾರಸಿಟಮಾಲ್, ಡೈಕ್ಲೋಫೆನಾಕ್ ಇದಕ್ಕೆ ನಾಟುವುದಿಲ್ಲ. ಡೈಕ್ಲೋಫೆನಾಕ್ ದಿನವೂ ನುಂಗಿದರೆ ಮೂತ್ರಪಿಂಡಕ್ಕೇ ಪೆಟ್ಟು. ನರದ ಅತಿ ಉದ್ರೇಕವನ್ನು ತಗ್ಗಿಸುವುದು ಫಿಟ್ಸ್ ಗುಳಿಗೆಯ ಕೆಲಸ, ಹಾಗಾಗಿ ಇಲ್ಲಿ ಅದೇ ಮೊದಲ ಔಷಧಿ.

ತೂರಾಟಕ್ಕೆ ಎರಡು ಕಾರಣ ಇರಬಹುದು. ಒಂದು, ಪ್ರಮಾಣ ಬೇಗ ಏರಿದ್ದು. ಹಿರಿಯರಿಗೆ ಸಾಮಾನ್ಯವಾಗಿ 100 ಮಿ.ಗ್ರಾಂ.ನಿಂದ ಶುರು ಮಾಡಿ, ಕೆಲವು ದಿನಕ್ಕೊಮ್ಮೆ 100ರಂತೆ ಏರಿಸುತ್ತಾರೆ. ಬಹಳ ಮಂದಿಗೆ ದಿನಕ್ಕೆ 400ರಿಂದ 800 ಸಾಕು. ಎರಡು, ಸೋಡಿಯಂ ಇಳಿದದ್ದು. ಈ ಗುಳಿಗೆಯೂ ಇಳಿಸುತ್ತದೆ, ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆಯೂ ಇಳಿಸುತ್ತದೆ. ಬಿಪಿ ಪಟ್ಟಿಯ ಮೇಲೆ ಹೈಡ್ರೋಕ್ಲೋರೋಥಿಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ಎಂದಿದ್ದರೆ ಅದನ್ನೂ ಒಯ್ದು ತೋರಿಸಿ. ಸೋಡಿಯಂ 135ಕ್ಕಿಂತ ಕೆಳಗಿದ್ದರೆ ಉಪ್ಪು ಹೆಚ್ಚು ತಿನ್ನಿಸಿ ಸರಿಮಾಡಲು ಹೋಗಬೇಡಿ, ಗುಳಿಗೆಯನ್ನೇ ಬದಲಿಸಬೇಕಾಗಬಹುದು. ಮಂಕು, ವಾಂತಿ, ಅಸಂಬದ್ಧ ಮಾತು ಕಂಡರೆ ಅವತ್ತೇ ದವಾಖಾನೆಗೆ. ಮೈಮೇಲೆ ದದ್ದು, ಬಾಯಿಹುಣ್ಣು, ಜ್ವರ ಬಂದರೆ ಮಾತ್ರ ಮುಂದಿನ ಗುಳಿಗೆ ನುಂಗಿಸದೆ ತಕ್ಷಣ ಹೊರಡಿ. ಈ ಅಪಾಯ ಮೊದಲ ಎರಡು-ಮೂರು ತಿಂಗಳಲ್ಲೇ ಹೆಚ್ಚು.

ಮೂರ್ನಾಲ್ಕು ವಾರದ ನಂತರ ನೋವು ಮರಳಿದರೆ ಔಷಧಿ ಕೆಟ್ಟಿತೆಂದಲ್ಲ. ಯಕೃತ್ತು ಅದನ್ನು ಬೇಗ ಕರಗಿಸಲು ಶುರು ಮಾಡಿರುತ್ತದೆ, ವೈದ್ಯರು ಪ್ರಮಾಣ ಸರಿಪಡಿಸುತ್ತಾರೆ. ‘ಸಿಆರ್’ (ಔಷಧಿಯನ್ನು ನಿಧಾನವಾಗಿ ಬಿಡುವ ಬಗೆ) ಎಂದು ಬರೆದ ಗುಳಿಗೆಯನ್ನು ನುಂಗಲು ಆಗದೆಂದು ಕುಟ್ಟಿ ಕೊಡಬೇಡಿ, ಇಡೀ ದಿನದ ಔಷಧಿ ಒಮ್ಮೆಲೇ ಇಳಿದುಬಿಡುತ್ತದೆ. ಸೋಂಕಿಗೆ ಕೊಡುವ ಕ್ಲಾರಿತ್ರೋಮೈಸಿನ್, ಬಿಪಿ-ಹೃದಯಕ್ಕೆ ಕೊಡುವ ಡಿಲ್ಟಿಯಾಜೆಮ್ ರಕ್ತದಲ್ಲಿ ಕಾರ್ಬಮಾಜೆಪಿನ್ ಮಟ್ಟವನ್ನು ಏರಿಸುತ್ತವೆ, ಆದ್ದರಿಂದ ಕೆಮ್ಮಿಗೆ ತೋರಿಸಲು ಹೋದರೂ ಈ ಗುಳಿಗೆಯ ಹೆಸರು ಹೇಳಿ.

ಮಿದುಳಿನ ಎಂಆರ್‌ಐ ಆಗದಿದ್ದರೆ ಒಮ್ಮೆ ಮಾಡಿಸಿ. ಗಡ್ಡೆ ಇಲ್ಲವೆಂದು ಖಚಿತವಾಗಬೇಕು. ನೋವಿಗೆ ಹೆದರಿ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಬೆಚ್ಚಗಿನ ಅಂಬಲಿ, ಮೆತ್ತಗಿನ ನುಚ್ಚು ನೋವು ಕಡಿಮೆ ಇರುವ ಹೊತ್ತು ನೋಡಿ ಕೊಡಿ. ಬಸ್ಸಿನ ಕಿಟಕಿ ಪಕ್ಕ ಕೂರುವಾಗ ಸೆರಗು ಗಲ್ಲಕ್ಕಿರಲಿ.

ಪ್ರಶ್ನೆ: ತಂದೆಗೆ 76. ಇದೇ ನೋವು, ಆರು ವರ್ಷದಿಂದ ಗುಳಿಗೆ. ಈಗ ಪ್ರಮಾಣ ಏರಿಸಿದರೆ ದಿನವಿಡೀ ನಿದ್ದೆ, ಇಳಿಸಿದರೆ ನೋವು. ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಆಪರೇಷನ್ ಸರಿಯೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಗುಳಿಗೆಯ ಮಿತಿ ಮುಟ್ಟಿದ ಲಕ್ಷಣ ಇದು. ನರಶಸ್ತ್ರಚಿಕಿತ್ಸಕರನ್ನು ಕಾಣಲು ಇನ್ನು ತಡ ಬೇಡ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡ ಬಳಿಯ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಗಳಲ್ಲಿ ಆ ವಿಭಾಗವಿದೆ.

ಹೆಚ್ಚು ಕಾಲ ಬಾಳುವುದು ಕಿವಿಯ ಹಿಂದೆ ತಲೆಬುರುಡೆಯನ್ನು ಸ್ವಲ್ಪ ತೆರೆದು, ಒತ್ತುವ ರಕ್ತನಾಳವನ್ನು ಸರಿಸಿ, ನಡುವೆ ಟೆಫ್ಲಾನ್ ತುಣುಕು ಇಡುವ ಶಸ್ತ್ರಚಿಕಿತ್ಸೆ. ಹತ್ತು ವರ್ಷದ ನಂತರವೂ ಸುಮಾರು 70 ಪ್ರತಿಶತ ಮಂದಿಗೆ ನೋವಿರುವುದಿಲ್ಲ. ಕೆಲವರಿಗೆ ಆ ಕಿವಿಯ ಶ್ರವಣ ಹೋಗುತ್ತದೆ. ವಯಸ್ಸೊಂದೇ ಇದಕ್ಕೆ ಅಡ್ಡಿಯಲ್ಲ. ಪೂರ್ಣ ಅರಿವಳಿಕೆಯನ್ನು ಹೃದಯ ತಡೆಯುತ್ತದೆಯೇ ಎಂಬುದು ಮುಖ್ಯ.

ತಡೆಯದಿದ್ದರೆ ಸೂಜಿಯ ದಾರಿ. ಗಲ್ಲದ ಮೂಲಕ ಸೂಜಿ ಹಾಕಿ ನರವನ್ನು ಶಾಖದಿಂದ, ಗ್ಲಿಸರಾಲ್‌ನಿಂದ ಅಥವಾ ಪುಟ್ಟ ಬಲೂನಿನಿಂದ ಮಂದಗೊಳಿಸುತ್ತಾರೆ. ಶಮನ ಬೇಗ ಸಿಗುತ್ತದೆ, ಆದರೆ ಕೆಲವು ವರ್ಷಗಳಲ್ಲಿ ನೋವು ಮರಳಬಹುದು, ಆಗ ಮತ್ತೆ ಮಾಡಬಹುದು. ಮುಖ ಜೋಮು ಹಿಡಿಯುವುದು ಇದರ ಬೆಲೆ. ನೋವು ಹಣೆ-ಕಣ್ಣಿನ ಭಾಗದಲ್ಲಿದ್ದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವೂ (ಕಾರ್ನಿಯಾ) ಜೋಮಾಗಿ, ಧೂಳು ಬಿದ್ದರೂ ಗೊತ್ತಾಗದೆ ಹುಣ್ಣಾಗುವ ಭಯವಿದೆ, ಅದನ್ನು ಮೊದಲೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಗಾಮಾ ನೈಫ್ ಕೊಯ್ಯದೆ ಕಿರಣ ಬಿಡುತ್ತದೆ, ಫಲ ಕಾಣಲು ವಾರಗಳಿಂದ ತಿಂಗಳುಗಳು ಬೇಕು. ಅಲ್ಲಿಯವರೆಗೆ ಗುಳಿಗೆ ಬಿಡುವಂತಿಲ್ಲ. ಈ ಸ್ಥಿತಿಯಲ್ಲಿ ನಮ್ಮ ಒಲವು ಸೂಜಿಯತ್ತ, ಹೃದಯ ಗಟ್ಟಿಯಿದೆಯೆಂದು ವರದಿ ಬಂದರೆ ಮಾತ್ರ ತಲೆಬುರುಡೆ ತೆರೆಯುವ ಶಸ್ತ್ರಚಿಕಿತ್ಸೆ. ಸ್ಟೆಂಟ್‌ಗೆ ಕೊಟ್ಟ ಕ್ಲೋಪಿಡೊಗ್ರೆಲ್, ಆಸ್ಪಿರಿನ್ ನಿಲ್ಲಿಸುವ ಮಾತನ್ನು ಹೃದಯ ವೈದ್ಯರೇ ಹೇಳಬೇಕು.

ಪ್ರಶ್ನೆ: ಹಣೆಗೆ ಸರ್ಪಸುತ್ತು ಆಗಿ ನಾಲ್ಕು ತಿಂಗಳಾಯಿತು. ಗುಳ್ಳೆ ಒಣಗಿದರೂ ಉರಿ ಹೋಗಿಲ್ಲ. ನೆರೆಯವರ ಕಾರ್ಬಮಾಜೆಪಿನ್ ನುಂಗಬಹುದೇ? ವಯಸ್ಸು 68.
– ರಾಣೆಬೆನ್ನೂರು

ಉತ್ತರ: ಬೇಡ. ನಿಮ್ಮದು ಬಿಟ್ಟುಬಿಟ್ಟು ಹೊಡೆಯುವ ನೋವಲ್ಲ, ವೈರಸ್ಸಿನಿಂದ ಗಾಯಗೊಂಡ ನರದ ಉರಿ. ಇದಕ್ಕೆ ಗ್ಯಾಬಾಪೆಂಟಿನ್ ಅಥವಾ ರಾತ್ರಿ 10 ಮಿ.ಗ್ರಾಂ. ನಾರ್ಟ್ರಿಪ್ಟಿಲಿನ್‌ನಿಂದ ಶುರು ಮಾಡುವುದು ರೂಢಿ. ಗ್ಯಾಬಾಪೆಂಟಿನ್ ಪ್ರಮಾಣವನ್ನು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿ ನಿರ್ಧರಿಸಬೇಕು. ಗ್ಲಾಕೋಮಾ, ಮೂತ್ರ ಕಟ್ಟುವ ತೊಂದರೆ, ಹೃದಯದ ಲಯದೋಷ ಇದ್ದರೆ ನಾರ್ಟ್ರಿಪ್ಟಿಲಿನ್ ಬೇಡ. ಕಣ್ಣು ಕೆಂಪಾಗಿದ್ದರೆ ಅಥವಾ ಮಂಜಾಗಿದ್ದರೆ ಮೊದಲು ಕಣ್ಣಿನ ವೈದ್ಯರಲ್ಲಿ ಹೋಗಿ. ನೋವು ತಗ್ಗಿಸುವ 5 ಪ್ರತಿಶತ ಲಿಡೋಕೇನ್ ಅಂಟುಪಟ್ಟಿ ಸಿಕ್ಕರೆ ಹಾಳೆ ಬಿಚ್ಚುವ ಮೊದಲೇ ಹಣೆಯ ಅಳತೆಗೆ ಕತ್ತರಿಸಿ, ಹುಣ್ಣಿಲ್ಲದ ಚರ್ಮದ ಮೇಲೆ, ಕಣ್ಣಿಗೆ ತಾಗದಂತೆ ಅಂಟಿಸಿ. 12 ಗಂಟೆ ಇಟ್ಟರೆ 12 ಗಂಟೆ ತೆಗೆದಿಡಿ, ಅಂಟಿಸಿದ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.