ಟ್ರೇ ಇಟ್ಟು ಬಟನ್ ಒತ್ತೋದಷ್ಟೇನಾ ಐಸಿ ಪ್ರೋಗ್ರಾಮಿಂಗ್ ಮಷಿನ್ ಕೆಲಸ?

ನೀವು ತಾಳವಾಡಿ ಕಡೆಯವರು, ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಡಿಪ್ಲೊಮಾ ಮುಗಿಸಿದ್ದೀರಿ, ಹೊಸೂರಿನ ಒಂದು ಕಂಪನಿಯಲ್ಲಿ ಟ್ರೇ ಫೀಡರ್ ಇರುವ ಆಟೊಮ್ಯಾಟಿಕ್ ಐಸಿ ಪ್ರೋಗ್ರಾಮಿಂಗ್ ಮಷಿನ್‌ಗೆ, ಅಂದರೆ ಟ್ರೇಯಿಂದ ಐಸಿಗಳನ್ನು (ಚಿಪ್‌ಗಳನ್ನು) ತಾನೇ ಎತ್ತಿ ಅವುಗಳೊಳಗೆ ಪ್ರೋಗ್ರಾಂ ಬರೆಯುವ ಮಷಿನ್‌ಗೆ, ಆಪರೇಟರ್ ಕೆಲಸ ಸಿಕ್ಕಿದೆ. "ಟ್ರೇ ಇಡೋದು, ಬಟನ್ ಒತ್ತೋದು, ಟ್ರೇ ತೆಗೆಯೋದು, ಅಷ್ಟೇ ಅಂತಾರೆ. ಕಲಿಯೋಕೆ ಏನಾದರೂ ಇದೆಯಾ, ಸೇರಲಾ ಬೇಡವಾ?" ಎಂದು ಕೇಳಿದ್ದೀರಿ.

ಸೇರಿ. ನಾನು ಡೆಂಕಣಿಕೋಟೆ ಕಡೆಯವನು. ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಇಂಥದ್ದೇ ಮಷಿನ್‌ಗೆ ಆಪರೇಟರ್ ಆಗಿ ಸೇರಿದೆ. ಈಗ ಜಾಬ್ ಫೈಲ್ (ಯಾವ ಐಸಿಗೆ ಯಾವ ಪ್ರೋಗ್ರಾಂ ಎಂದು ಮಷಿನ್‌ಗೆ ಹೇಳುವ ಫೈಲ್), ಯೂಸರ್ ಲಾಗಿನ್, ಸಾಕೆಟ್ (ಬರೆಯುವಾಗ ಐಸಿ ಕೂರುವ ಜಾಗ) ಸ್ಟಾಕ್ ಎಲ್ಲಾ ನನ್ನ ಜವಾಬ್ದಾರಿ. ಬಟನ್ ಒತ್ತುವುದನ್ನು ಅರ್ಧ ದಿನದಲ್ಲಿ ಕಲಿಯಬಹುದು ಅನ್ನುವುದು ನಿಜ. ಆದರೆ ಕಂಪನಿ ನಿಮ್ಮನ್ನು ಅಲ್ಲಿ ನಿಲ್ಲಿಸುವುದು ಬಟನ್ ಒತ್ತಲು ಅಲ್ಲ.

ಖಾಲಿ ಐಸಿಗೂ ಪ್ರೋಗ್ರಾಂ ತುಂಬಿದ ಐಸಿಗೂ ಹೊರಗಿನಿಂದ ಕೂದಲೆಳೆಯಷ್ಟೂ ವ್ಯತ್ಯಾಸ ಇರುವುದಿಲ್ಲ. ಅದೇ ಕಪ್ಪು ಮೈ, ಅದೇ ಪಾರ್ಟ್ ನಂಬರ್. ಹಳೆಯ ವರ್ಷನ್ ಇರುವುದೂ ಹೊಸ ವರ್ಷನ್ ಇರುವುದೂ ಹಾಗೇ. ಖಾಲಿ ಐಸಿ ಬೋರ್ಡ್ ಮೇಲೆ ಕೂತುಬಿಟ್ಟರೆ ಟೆಸ್ಟಿಂಗ್‌ನಲ್ಲಿ ಸಿಕ್ಕಿಬೀಳುತ್ತದೆ, ಬಿಸಿಗಾಳಿ ಬಿಟ್ಟು ಕಿತ್ತು ಬದಲಾಯಿಸಬೇಕಾಗುತ್ತದೆ, ನಷ್ಟ ಅಲ್ಲಿಗೆ ಮುಗಿಯುತ್ತದೆ. ಹಳೆಯ ವರ್ಷನ್ ಇರುವುದು ಟೆಸ್ಟ್ ಕೂಡ ಪಾಸಾಗಿ ಯಾರದೋ ಗಾಡಿಯೊಳಗೆ, ಯಾರದೋ ಮನೆಯ ಕರೆಂಟ್ ಮೀಟರ್‌ನೊಳಗೆ ಹೋಗಿ ಕೂರಬಹುದು. ಹಾಗಾಗಿ ಈ ಕೆಲಸದ ತಿರುಳು ಒಂದೇ: ಯಾವ ಐಸಿ ಯಾವ ಸ್ಥಿತಿಯಲ್ಲಿದೆ ಎಂಬುದು ಒಂದು ಗಳಿಗೆಯೂ ಕೈತಪ್ಪಬಾರದು. ಮಿಕ್ಕಿದ್ದೆಲ್ಲ ಅದಕ್ಕಾಗಿಯೇ ಇದೆ.

ಮೊದಲು ಟ್ರೇ. ನಿಮ್ಮ ಕೈಗೆ ಬರುವುದು ಜೆಡೆಕ್ ಟ್ರೇ, ಅಂದರೆ ಜೆಡೆಕ್ ಸಂಸ್ಥೆ ಗೊತ್ತುಮಾಡಿದ ಅಳತೆಯದು. ಹೊರ ಅಳತೆ ಎಲ್ಲದಕ್ಕೂ ಒಂದೇ, ಸುಮಾರು 322 ಮಿಮೀ ಉದ್ದ, 136 ಮಿಮೀ ಅಗಲ. ಒಳಗಿನ ಗುಣಿಗಳು ಮಾತ್ರ ಐಸಿಗೆ ತಕ್ಕಂತೆ. 10×10 ಮಿಮೀ ಎಲ್‌ಕ್ಯೂಎಫ್‌ಪಿ 64 (ನಾಲ್ಕೂ ಬದಿಗೆ ಕಾಲುಗಳಿರುವ, 64 ಪಿನ್‌ನ ಚಪ್ಪಟೆ ಐಸಿ) ಆದರೆ ಸಾಮಾನ್ಯವಾಗಿ 8 ಸಾಲು, 20 ಕಾಲಂ, ಒಟ್ಟು 160. 14×14ರ 100 ಪಿನ್‌ನದು 6×15, ಒಟ್ಟು 90. ಟ್ರೇಯ ಒಂದು ಮೂಲೆ ಓರೆಯಾಗಿ ಕತ್ತರಿಸಿರುತ್ತದೆ. ಮೊದಲನೇ ಪಿನ್ ಯಾವ ಕಡೆ ಎಂದು ತಿಳಿಯುವುದು ಆ ಮೂಲೆಯಿಂದ. ಕೆಲವು ಫೀಡರ್‌ಗಳಲ್ಲಿ ಟ್ರೇಯನ್ನು ಹಿಂದುಮುಂದಾಗಿ ಇಟ್ಟರೂ ಸಲೀಸಾಗಿ ಕೂರುತ್ತದೆ. ಚೌಕ ಐಸಿ ಸಾಕೆಟ್‌ನಲ್ಲೂ ಹಾಗೇ ಕೂರುತ್ತದೆ. ಕ್ಯಾಮೆರಾಗೆ ಪಿನ್ 1ರ ಗುರುತು ಕಲಿಸಿದ್ದರೆ ಹಿಡಿಯುತ್ತದೆ, ಕಂಟಿನ್ಯುಟಿ ಚೆಕ್ (ಪಿನ್‌ಗಳು ಸರಿಯಾಗಿ ತಾಗಿವೆಯೇ ಎಂಬ ಪರೀಕ್ಷೆ) ಆನ್ ಇದ್ದರೆ ಅಲ್ಲಾದರೂ ನಿಲ್ಲಬಹುದು. ಎರಡೂ ಇಲ್ಲದಿದ್ದರೆ ಪವರ್ ಹೋಗಬಾರದ ಪಿನ್‌ಗೆ ಹೋಗಿ ಐಸಿ ಸುಟ್ಟೇ ಹೋಗಬಹುದು. ಅದಕ್ಕೇ ಪ್ರತಿ ಟ್ರೇ ಕಟ್ಟು ಇಡುವಾಗಲೂ ಆ ಮೂಲೆಯ ಮೇಲೆ ಬೆರಳಿಟ್ಟು ನೋಡಿ.

ಕಟ್ಟು ಬಿಚ್ಚುವಾಗಿನ ಮಾತು ಇನ್ನೊಂದು. ಪಟ್ಟಿ ಕತ್ತರಿಸುವ ಮುಂಚೆ ಕಟ್ಟನ್ನು ಮೇಜಿನ ಮೇಲೆ ಸಮತಟ್ಟಾಗಿಡಿ. ಮೇಲಿನ ಟ್ರೇ ಮುಚ್ಚಳದಂತೆ ಖಾಲಿ ಇರುತ್ತದೆ. ಅದನ್ನು ಓರೆಯಾಗಿ ಎಳೆಯದೆ ನೇರ ಮೇಲಕ್ಕೆ ಎತ್ತಿ. ಆಮೇಲೆ ಬಗ್ಗಿ, ಟ್ರೇ ಮಟ್ಟಕ್ಕೆ ಕಣ್ಣು ತಂದು, ಲೈಟಿಗೆ ಎದುರಾಗಿ ಸಾಲುಸಾಲಾಗಿ ನೋಡಿ. ಸರಿಯಾಗಿ ಕೂತ ಐಸಿಗಳೆಲ್ಲ ಒಂದೇ ಥರ ಹೊಳೆಯುತ್ತವೆ. ಗುಣಿಯ ಅಂಚಿಗೆ ಹತ್ತಿ ಕೂತಿರುವುದು ಮಾತ್ರ ಬೇರೆ ಥರ ಹೊಳೆಯುತ್ತದೆ. ಅದನ್ನು ಹಾಗೇ ಬಿಟ್ಟರೆ ನಾಜಲ್ (ಗಾಳಿ ಹೀರಿ ಐಸಿ ಎತ್ತುವ ಮೂತಿ) ಬಂದು ಒತ್ತಿದಾಗ ಕಾಲುಗಳು ಬಾಗುತ್ತವೆ. ಸರಿಪಡಿಸಲು ವ್ಯಾಕ್ಯೂಮ್ ಪೆನ್ ಇರುತ್ತದೆ, ಬೆರಳು ಹಾಕಬೇಡಿ. ರಿಸ್ಟ್ ಸ್ಟ್ರಾಪ್ (ಮೈಯಲ್ಲಿನ ಸ್ಥಿರ ವಿದ್ಯುತ್ ಭೂಮಿಗೆ ಹರಿದುಹೋಗಲು ಕೈಗೆ ಕಟ್ಟುವ ಪಟ್ಟಿ) ಇಲ್ಲದೆ ಅದನ್ನೂ ಮಾಡಬೇಡಿ.

ಸೆಟ್ಟಿಂಗ್ ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಮಷಿನ್‌ಗೆ ನಾವು ಹೇಳುವುದು ಮೊದಲ ಗುಣಿ ಎಲ್ಲಿದೆ, ಒಂದು ಗುಣಿಯ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಎಷ್ಟು ದೂರ, ಎಷ್ಟು ಸಾಲು, ಎಷ್ಟು ಕಾಲಂ. ಆ ದೂರಕ್ಕೆ ಪಿಚ್ ಅನ್ನುತ್ತಾರೆ. ಪಿಚ್‌ನಲ್ಲಿ 0.1 ಮಿಮೀ ತಪ್ಪಿದರೆ ಮೊದಲ ಗುಣಿಯಲ್ಲಿ ಏನೂ ಗೊತ್ತಾಗುವುದಿಲ್ಲ. 20ನೇ ಗುಣಿಗೆ ಬರುವ ಹೊತ್ತಿಗೆ ಅದು ಬೆಳೆದು 1.9 ಮಿಮೀ ಆಗಿರುತ್ತದೆ, ನಾಜಲ್ ಐಸಿಯ ನಡುವೆ ಇಳಿಯುವ ಬದಲು ಪಕ್ಕಕ್ಕೆ ಇಳಿಯುತ್ತದೆ. ಹೊಸ ಟ್ರೇ ಕಲಿಸಿದಾಗ ನಾನು ಪರೀಕ್ಷಿಸುವುದು ಯಾವಾಗಲೂ ಎದುರು ಮೂಲೆಯ ಕೊನೆಯ ಗುಣಿಯನ್ನು. ಅಲ್ಲಿ ಸರಿ ಇದ್ದರೆ ನಡುವೆಯೂ ಸರಿ ಇರುತ್ತದೆ.

ಈಗ ಲೆಕ್ಕದ ವಿಷಯ. ಒಳಗೆ ಹೋದದ್ದು, ಪಾಸ್ ಆದದ್ದು, ರಿಜೆಕ್ಟ್ ಆದದ್ದು, ಉಳಿದದ್ದು ತಾಳೆಯಾಗಬೇಕು. ಒಮ್ಮೆ ಶಿಫ್ಟ್ ಬದಲಾಗುವ ಹೊತ್ತು. ಲಾಟ್‌ನಲ್ಲಿ (ಒಟ್ಟಿಗೆ ಮಾಡುವ ಒಂದು ಕಂತಿನಲ್ಲಿ) ಹತ್ತು ಟ್ರೇ, 1600 ಐಸಿ. ಪಾಸ್ 1593, ರಿಜೆಕ್ಟ್ 6. ಒಂದು ಇಲ್ಲ. ಒಂದೇ ತಾನೇ, ಕ್ಲೋಸ್ ಮಾಡು ಎಂದು ಪಕ್ಕದವರು ಹೇಳಿದರು. ಬಾಗಲೂರಿನಿಂದ ಬರುವ ನಮ್ಮ ಆಪರೇಟರ್ ಹುಡುಗಿ ಒಪ್ಪಲಿಲ್ಲ. ಮಷಿನ್ ಕೆಳಗೆ ಟಾರ್ಚ್ ಹಾಕಿದಳು, ಸಾಕೆಟ್‌ಗಳನ್ನೆಲ್ಲ ತೆರೆದಳು, ರಿಜೆಕ್ಟ್ ಬಿನ್ ಕವಿಚಿ ಎಣಿಸಿದಳು. ಕೊನೆಗೆ ಖಾಲಿ ಟ್ರೇಗಳ ಕಟ್ಟನ್ನು ಒಂದೊಂದಾಗಿ ಬಿಡಿಸಿದಾಗ ಒಂದು ಟ್ರೇಯ ಮೂಲೆ ಗುಣಿಯಲ್ಲಿ ಐಸಿ ಕೂತಿತ್ತು. ನಾಜಲ್ ಎರಡು ಸಲ ಎತ್ತಲಾಗದೆ ಬಿಟ್ಟಿದೆ, ಹಿಂದಿನ ಶಿಫ್ಟ್‌ನವರು ಸ್ಕಿಪ್ ಒತ್ತಿ ಮುಂದೆ ಹೋಗಿದ್ದಾರೆ. ಖಾಲಿಯಾದ ಟ್ರೇಯನ್ನೇ ಔಟ್‌ಪುಟ್ ಕಡೆಗೂ ಬಳಸುವ ಮಷಿನ್‌ಗಳು ಹೆಚ್ಚು. ಆ ಟ್ರೇ ಹಾಗೇ ಹೋಗಿದ್ದರೆ ಪ್ರೋಗ್ರಾಂ ಆದ ಐಸಿಗಳ ನಡುವೆ ಒಂದು ಖಾಲಿ ಐಸಿ ಯಾರಿಗೂ ಗೊತ್ತಾಗದಂತೆ ಸೇರಿಬಿಡುತ್ತಿತ್ತು. ಆ ಹುಡುಗಿಯ ಮೇಲೆ ನನಗೆ ಅವತ್ತು ಬಂದ ಗೌರವ ಇನ್ನೂ ಹಾಗೇ ಇದೆ.

ಇದೇ ಕಾರಣಕ್ಕೆ ಕರೆಂಟ್ ಹೋಗಿ ಮಷಿನ್ ನಡುವೆ ನಿಂತರೆ ಸಾಕೆಟ್ ಒಳಗಿರುವ ಐಸಿಗಳನ್ನು ಪಾಸ್ ಟ್ರೇಗೆ ಹಾಕಲೇಬೇಡಿ. ಅರ್ಧ ಬರೆದಿರಬಹುದು, ಪೂರ್ತಿ ಬರೆದು ವೆರಿಫೈ (ಬರೆದದ್ದನ್ನು ಮತ್ತೆ ಓದಿ ಹೋಲಿಸುವುದು) ಆಗದೆ ಇರಬಹುದು. ಎಲ್ಲವನ್ನೂ ತೆಗೆದು ಬೇರೆ ಇಟ್ಟು ಎಂಜಿನಿಯರ್‌ಗೆ ಕೊಡಿ. ಲೇಸರ್ ಗುರುತೋ ಇಂಕ್ ಚುಕ್ಕೆಯೋ ಹಾಕುವ ವ್ಯವಸ್ಥೆ ಮಷಿನ್‌ನಲ್ಲಿದ್ದರೆ ಅರ್ಧ ಚಿಂತೆ ಕಡಿಮೆ. ವೆರಿಫೈ ಪಾಸ್ ಆದ ಮೇಲೆಯೇ ಗುರುತು ಬೀಳುವಂತೆ ಸೆಟ್ ಮಾಡಿದ್ದಾರಾ ಎಂದು ಒಮ್ಮೆ ಕೇಳಿ ನೋಡಿ.

ಫೇಲ್ ಬಂದಾಗ ಮತ್ತೆ ಮತ್ತೆ ರೀಟ್ರೈ ಒತ್ತುವ ಚಾಳಿ ಬಹಳ ಜನಕ್ಕೆ ಇದೆ. ಯಾವ ಸಾಕೆಟ್‌ನಲ್ಲಿ ಫೇಲ್ ಎಂದು ಮೊದಲು ನೋಡಿ. 3ನೇ ಸಾಕೆಟ್‌ನಲ್ಲಿ ಮಾತ್ರ ಬರುತ್ತಿದ್ದರೆ ತೊಂದರೆ ಸಾಕೆಟ್‌ನದು: ಕೊಳೆ ಕೂತಿದೆ ಇಲ್ಲವೇ ಪಿನ್ ಸವೆದಿದೆ. ಎಲ್ಲಾ ಸಾಕೆಟ್‌ನಲ್ಲೂ ಒಟ್ಟಿಗೆ ಬಂದರೆ ಐಸಿ ಲಾಟ್, ಫೈಲ್ ಅಥವಾ ಆ ಐಸಿಗೆ ಬರೆಯುವ ವಿಧಾನದ (ಆಲ್ಗಾರಿದಂ) ಕಡೆ ನೋಡಬೇಕು. ಸಾಕೆಟ್ ಸವೆಯುವ ವಸ್ತು, ಇಷ್ಟು ಸಾವಿರ ಸಲ ಮುಚ್ಚಿ ತೆಗೆಯಬಹುದು ಎಂದು ತಯಾರಕರೇ ಮಿತಿ ಕೊಟ್ಟಿರುತ್ತಾರೆ. ಕೌಂಟರ್ ನೋಡಿ ಮಿತಿಗೆ ಮುಂಚೆ ಬದಲಾಯಿಸುವುದು ಅಗ್ಗ. ಖರೀದಿ ವಿಭಾಗದವರಿಗೆ ಅದನ್ನು ಒಪ್ಪಿಸುವುದೇ ಕಷ್ಟ.

ಸ್ಪೀಡ್ ಬಗ್ಗೆಯೂ ಸೂಪರ್‌ವೈಸರ್ ನಿಮ್ಮನ್ನು ಕೇಳುತ್ತಾರೆ. ಈ ಲೆಕ್ಕ ನೆನಪಿರಲಿ. ಒಂದು ಐಸಿಗೆ ಬರೆದು ವೆರಿಫೈ ಮಾಡಲು 60 ಸೆಕೆಂಡ್ ಬೇಕು, ಸಾಕೆಟ್ 8 ಇವೆ ಅಂದರೆ ಗಂಟೆಗೆ 480ಕ್ಕಿಂತ ಹೆಚ್ಚು ಬರುವುದಿಲ್ಲ. ಮಷಿನ್‌ನ ತೋಳು 3 ಸೆಕೆಂಡಿಗೊಂದು ಐಸಿ ಎತ್ತಿಡುವಷ್ಟು ಚುರುಕಿದ್ದು ಗಂಟೆಗೆ 1200 ಮಾಡಬಲ್ಲದಾದರೂ, ಅಷ್ಟು ಬರಬೇಕಾದರೆ 20 ಸಾಕೆಟ್ ಬೇಕು. ಇದು ಗೊತ್ತಿಲ್ಲದೆ ಆಪರೇಟರ್‌ನನ್ನು ಬೈಯುವವರಿದ್ದಾರೆ. ನೀವು ಬೈಸಿಕೊಳ್ಳದೆ ಲೆಕ್ಕ ತೋರಿಸಿ.

ತೇವದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕವರ್ ಮೇಲೆ ಎಂಎಸ್‌ಎಲ್ 3 (ಐಸಿ ತೇವಕ್ಕೆ ಎಷ್ಟು ಸೂಕ್ಷ್ಮ ಎಂಬ ಮಟ್ಟ) ಎಂದಿದ್ದರೆ ತೆರೆದ ಮೇಲೆ 30 ಡಿಗ್ರಿ, 60% ತೇವಾಂಶ ಮೀರದ ಕಡೆ, ಬೋರ್ಡ್‌ಗೆ ಬೆಸುಗೆಯಾಗುವವರೆಗೆ 168 ಗಂಟೆ ಅವಕಾಶ. ನಮ್ಮ ಮಷಿನ್ ಹತ್ತಿರ ಕಳೆದ ಹೊತ್ತೂ ಅದರಲ್ಲೇ ಸೇರುತ್ತದೆ. ತೆರೆದ ದಿನ, ಗಂಟೆ ಬರೆಯಿರಿ. ಮಿತಿ ದಾಟಿದರೆ ಬೇಕ್ ಮಾಡಿಸಬೇಕು (ಓವನ್‌ನಲ್ಲಿ ಒಣಗಿಸಬೇಕು), ಇಲ್ಲದಿದ್ದರೆ ಬೆಸುಗೆ ಹಾಕುವ ರಿಫ್ಲೋ ಓವನ್‌ನಲ್ಲಿ ಒಳಗಿನ ತೇವ ಆವಿಯಾಗಿ ಐಸಿ ಬಿರಿಯಬಹುದು. ಬೇಕ್‌ಗೆ ಹಾಕುವ ಮೊದಲು ಟ್ರೇ ಮೇಲೆ ಅಚ್ಚಾಗಿರುವ ಗರಿಷ್ಠ ಉಷ್ಣತೆ ಓದಿ. ಎಲ್ಲಾ ಟ್ರೇಯೂ 125 ಡಿಗ್ರಿ ತಡೆಯುವುದಿಲ್ಲ.

ನಾಳೆ ನೀವು ಅಡ್ಮಿನ್ ಆದರೆ ಮಾಡಬೇಕಾದ್ದು: ಆಪರೇಟರ್ ಲಾಗಿನ್‌ಗೆ ಜಾಬ್ ಆರಿಸಿ ಓಡಿಸುವ ಹಕ್ಕು ಮಾತ್ರ ಕೊಡಿ, ಫೈಲ್ ಬದಲಾಯಿಸುವ ಹಕ್ಕು ಬೇಡ. ಸಾಧ್ಯವಿದ್ದರೆ ವರ್ಕ್ ಆರ್ಡರ್‌ನ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಮಾತ್ರ ಜಾಬ್ ತೆರೆಯುವಂತೆ ಮಾಡಿ, ಹೆಸರು ನೋಡಿ ಆರಿಸುವಾಗಲೇ ಹಳೆಯ ವರ್ಷನ್ ನುಸುಳುವುದು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವ ಕಡೆ ಲಾಗ್ ಇದ್ದೂ ಪ್ರಯೋಜನವಿಲ್ಲ. ಮಷಿನ್ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಹಾಕಲು ಬಿಡಬೇಡಿ. ಇನ್ನು ಚೆಕ್‌ಸಮ್, ಅಂದರೆ ಫೈಲ್ ಬದಲಾಗಿಲ್ಲ ಎಂದು ನೋಡಲು ಅದರ ಬೈಟ್‌ಗಳಿಂದ ಲೆಕ್ಕ ಹಾಕುವ ಸಂಖ್ಯೆ. ಬೈಟ್‌ಗಳನ್ನು ಬರೀ ಕೂಡಿಸಿ ಬರುವ ಚೆಕ್‌ಸಮ್ ಎರಡು ಬೈಟ್ ಅದಲುಬದಲಾದರೂ ಅದೇ ಬರುತ್ತದೆ, ಆದ್ದರಿಂದ ಗ್ರಾಹಕರ ಬಳಿ ಸಿಆರ್‌ಸಿ 32 (ಬೈಟ್‌ಗಳ ಕ್ರಮವೂ ಲೆಕ್ಕಕ್ಕೆ ಬರುವ ಚೆಕ್) ಅಥವಾ ಇನ್ನೂ ಬಲವಾದದ್ದನ್ನು ಕೇಳಿ ಪಡೆಯಿರಿ. ಲಾಕ್ ಬಿಟ್ (ಒಳಗಿನ ಪ್ರೋಗ್ರಾಂ ಹೊರಗಿನವರು ಓದದಂತೆ ಹಾಕುವ ಬೀಗ) ಹಾಕುವ ಐಸಿಯಾದರೆ ಅದು ಎಲ್ಲಕ್ಕಿಂತ ಕೊನೆಗೆ, ವೆರಿಫೈ ಆದ ಮೇಲೆ. ಒಮ್ಮೆ ಲಾಕ್ ಆದ ಮೇಲೆ ಓದಿ ಹೋಲಿಸಿ ನೋಡುವ ದಾರಿ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಹೊಸ ಜಾಬ್‌ನ ಮೊದಲ ಐಸಿಯನ್ನು ಬೋರ್ಡ್‌ಗೆ ಹಾಕಿ ಓಡಿಸಿ ನೋಡದೆ ಲಾಟ್ ಶುರು ಮಾಡಲು ನಾನು ಯಾರಿಗೂ ಸಹಿ ಹಾಕುವುದಿಲ್ಲ.

ಕನ್ನಡ ಮೀಡಿಯಂನಲ್ಲಿ ಓದಿದ್ದು ತೊಡಕಾಗುತ್ತದಾ ಎಂದೂ ಕೇಳಿದ್ದೀರಿ. ಸ್ಕ್ರೀನ್ ಮೇಲೆ ಬರುವುದು ಬೆರಳೆಣಿಕೆಯ ಇಂಗ್ಲಿಷ್ ಸಂದೇಶಗಳು, ಒಂದು ವಾರದಲ್ಲಿ ಬಾಯಿಪಾಠ ಆಗುತ್ತವೆ. ನಮ್ಮ ಫ್ಲೋರ್‌ನಲ್ಲಿ ತಮಿಳು, ತೆಲುಗು, ಕನ್ನಡ, ಹಿಂದಿ ಎಲ್ಲಾ ಓಡುತ್ತದೆ. ತಾಳವಾಡಿಯವರಿಗೆ ತಮಿಳು ಹೇಗೂ ಕಿವಿಗೆ ಬಿದ್ದೇ ಇರುತ್ತದೆ. ಶಿಫ್ಟ್ ಒಪ್ಪಿಸುವಾಗ ಮಾತ್ರ ಬಾಯಿಮಾತು ಬೇಡ. ಯಾವ ಟ್ರೇ ಎಷ್ಟನೇ ಗುಣಿಯಲ್ಲಿ ನಿಂತಿದೆ, ಸಾಕೆಟ್‌ನಲ್ಲಿ ಏನಿದೆ, ರಿಜೆಕ್ಟ್ ಎಷ್ಟು ಎಂದು ಪುಸ್ತಕದಲ್ಲಿ ಅಂಕಿಯಲ್ಲಿ ಬರೆಯಿರಿ, ಮುಂದಿನವರು ಎದುರಿಗೆ ಎಣಿಸಿ ಸಹಿ ಹಾಕಲಿ. ಸೇರಿದ ಮೇಲೆ ನಿಮ್ಮದು ಯಾವ ಮಷಿನ್, ಯಾವ ಪ್ಯಾಕೇಜ್ ಎಂದು ಇಲ್ಲೇ ಬರೆಯಿರಿ, ಅದಕ್ಕೆ ಸಂಬಂಧಪಟ್ಟದ್ದನ್ನು ಇನ್ನೂ ವಿವರವಾಗಿ ಹೇಳುತ್ತೇನೆ.